ಮೊದಲ ಹೆಜ್ಜೆ, ಅದೂ ಎರಡನೇ ಗೇರಿನಲ್ಲಿ

"ಮೇಷ್ಟ್ರನ್ನ ನಾನು ಕರ್ಕೊಂಡು ಬರ್ತೀನಿ. ಬೈಕಿನ ಕೀ ಕೊಡಿ!"

ವಿಯೆಟ್ನಾಮಿನ ಹೊಸ ವರ್ಷವಾದ ತೆತ್ ಹಬ್ಬದ ಮೊದಲ ದಿನ, ಬೆಳಗ್ಗೆ ಆರೂವರೆಗೆ, ಅತ್ತೆಮನೆಯ ಹಜಾರದ ನಡುವೆ ನಿಂತು ಉಯೆನ್ ಹೀಗೆಂದು ಘೋಷಿಸಿದಾಗ, ಹಿರಿಯರ ಪೀಠದ ಮುಂದೆ ಊದುಬತ್ತಿ ಹಚ್ಚುತ್ತಿದ್ದ ಮಾವನ ಕೈ ಅಲ್ಲೇ ನಿಂತಿತು. ಬೆಂಕಿಕಡ್ಡಿ ಬೆರಳಿನವರೆಗೂ ಉರಿಯಿತು.

ಮಾವ ಬೆರಗಾದದ್ದಕ್ಕೆ ಕಾರಣವಿತ್ತು. ಉಯೆನ್ ಎಂದರೆ ಕುದಿಸಿ ಆರಿಸಿದ ನೀರನ್ನು ಇನ್ನೊಮ್ಮೆ ಕುದಿಸುವವಳು. ಸೈಗಾನಿನಿಂದ ಗಂಡನ ಊರಿಗೆ ನಾಲ್ಕು ದಿನದ ಮಟ್ಟಿಗೆ ಬರುವಾಗ ಮೂರು ಥರ್ಮಾಮೀಟರ್ ತಂದವಳು: ಒಂದು ಮಗಳ ಕಂಕುಳಿಗೆ, ಒಂದು ಕಿವಿಗೆ, ಇನ್ನೊಂದು ಮೊದಲೆರಡೂ ನಿಜ ಹೇಳುತ್ತಿವೆಯೇ ಎಂದು ನೋಡುವುದಕ್ಕೆ. ಮನೆಯ ಮುಂದೆ ಹತ್ತು ಮಾರು ದೂರದಲ್ಲಿ ಕಾಲುವೆ ಹರಿಯುತ್ತದೆಂಬ ಒಂದೇ ಕಾರಣಕ್ಕೆ ಬಂದಾಗಿನಿಂದ ಅಂಗಳದಲ್ಲಿ ಮಗಳನ್ನು ಸೊಂಟದಿಂದ ಕೆಳಗಿಳಿಸಿದವಳಲ್ಲ. ಹನ್ನೆರಡು ಪ್ರಾಣಿಗಳ ಹೆಸರಲ್ಲಿ ಸರದಿಯಂತೆ ಸುತ್ತಿ ಬರುವ ವರ್ಷಗಳಲ್ಲಿ ಅವಳು ಹುಟ್ಟಿದ್ದು ಮಾತ್ರ ಹುಲಿ ವರ್ಷದಲ್ಲಿ! ಹುಲಿ ವರ್ಷದ ಹೆಣ್ಣು ಗಂಡನನ್ನು ಗಡಗಡ ನಡುಗಿಸುತ್ತಾಳೆ ಎಂದು ಮದುವೆಗೆ ಮುಂಚೆ ಅವಳ ಗಂಡ ಖಾಂಗ್‌ಗೆ ಊರೆಲ್ಲ ಎಚ್ಚರಿಕೆ ಕೊಟ್ಟಿತ್ತು. ಪಾಪ, ಮೂರು ವರ್ಷದಿಂದ ಅವನು ಕಾಯುತ್ತಲೇ ಇದ್ದಾನೆ. ಈ ಹುಲಿ ಜಿರಳೆ ಕಂಡರೆ ಕುರ್ಚಿ ಹತ್ತುತ್ತದೆ.

ಆದರೆ ಅವತ್ತು ಬೇರೆ ದಾರಿಯಿರಲಿಲ್ಲ. ಹೊಸ ವರ್ಷದ ದಿನ ಹೊಸ್ತಿಲು ದಾಟಿ ಮೊಟ್ಟಮೊದಲು ಒಳಗೆ ಬರುವವರು ಯಾರೋ, ಅವರ ಕಾಲ್ಗುಣವೇ ಆ ಮನೆಗೆ ವರ್ಷವಿಡೀ. ಹೋದ ಸಲ ಅತ್ತೆಮನೆಗೆ ಮೊದಲು ಕಾಲಿಟ್ಟವನು, ನಿಮ್ಮ ಬಾತುಕೋಳಿಗಳು ನನ್ನ ಗದ್ದೆಗೆ ನುಗ್ಗಿವೆ ಎಂದು ದೂರು ಹೇಳಲು ಬಂದ ಒಬ್ಬ ಮನುಷ್ಯ. ಆಮೇಲೆ ಕೇಳಬೇಕೆ? ನೀರಿನ ಪಂಪು ಸುಟ್ಟಿತು. ಮಾವನ ಮುಂದಿನ ಹಲ್ಲು ಬಿತ್ತು. ಅರವತ್ತು ಬಾತುಕೋಳಿಗಳು ಒಂದು ಮಧ್ಯಾಹ್ನ ಸಾಲಾಗಿ ಕಾಲುವೆ ದಾಟಿ ಹೋದವು, ತಿರುಗಿಯೂ ನೋಡಲಿಲ್ಲ. ಅತ್ತೆ ಈ ಕಷ್ಟಗಳನ್ನು ಒಂದೊಂದೇ ಬೆರಳು ಮಡಿಸಿ ಹೇಳುತ್ತಿದ್ದರು. ಕೊನೆಯ ಬೆರಳು ಮಡಿಸುವಾಗ ಮಾತ್ರ ದನಿ ತಗ್ಗುತ್ತಿತ್ತು.

"ಆಮೇಲೆ ನೋಡು, ಮೊಮ್ಮಗಳು. ಹದಿನಾಲ್ಕು ತಿಂಗಳು ತುಂಬಿದ್ರೂ ಇನ್ನೂ ನಡೀಲಿಲ್ಲ."

ಆ ಕೊನೆಯ ಬೆರಳು ಉಯೆನ್‌ಳ ಎದೆಗೇ ಚುಚ್ಚುತ್ತಿತ್ತು. ಮಗಳಿಗೆ ಕಾಗದದ ಮೇಲೆ ಉದ್ದನೆಯ ಚಂದದ ಹೆಸರಿದೆ; ಮನೆಯಲ್ಲಿ ಕರೆಯುವುದು ಮಾತ್ರ ಸೀಗಡಿ ಎಂದು. ಚಂದದ ಹೆಸರು ಕೂಗಿ ಕರೆದರೆ ಕೆಟ್ಟ ದೃಷ್ಟಿ ತಾಗುತ್ತದಲ್ಲ! ಸೀಗಡಿ ಕೂರುತ್ತಿತ್ತು, ನಿಲ್ಲುತ್ತಿತ್ತು, ಅಂಬೆಗಾಲಲ್ಲಿ ಬೆಕ್ಕನ್ನು ಹಿಂದೆ ಹಾಕುತ್ತಿತ್ತು. ಹೆಜ್ಜೆ ಎಂದರೆ ಮಾತ್ರ ಧೊಪ್ಪನೆ ಕುಳಿತುಬಿಡುತ್ತಿತ್ತು. ಮೂವರು ಡಾಕ್ಟರು, "ನಡೀತಾಳಮ್ಮ, ಅವಸರ ಯಾಕೆ?" ಎಂದಿದ್ದರು. ಮೂವರೂ ಒಂದೇ ಮಾತು ಹೇಳಿದ್ದರಿಂದ ಏನೋ ಮುಚ್ಚಿಡುತ್ತಿದ್ದಾರೆ ಎಂದು ಉಯೆನ್‌ಗೆ ಗುಮಾನಿ. ಮೊದಲ ಹೆಜ್ಜೆಯ ವಿಡಿಯೊ ತೆಗೆಯಲು ನಾಲ್ಕು ತಿಂಗಳಿಂದ ಫೋನನ್ನು ತುಂಬ ಚಾರ್ಜು ಮಾಡಿ ಜೇಬಲ್ಲೇ ಇಟ್ಟುಕೊಂಡು ತಿರುಗುತ್ತಿದ್ದಳು. ಜಾಗ ಸಾಲದೇ ಹೋದೀತೆಂದು ಮಧುಚಂದ್ರದ ಫೋಟೋಗಳನ್ನೆಲ್ಲ ಅಳಿಸಿದ್ದಳು.

ಇದರ ಮೇಲೆ ಪಕ್ಕದ ಮನೆಯ ಏಳನೇ ಚಿಕ್ಕಮ್ಮ. ಆಕೆ ಅಪ್ಪ ಅಮ್ಮನಿಗೆ ಹುಟ್ಟಿದ ಸರದಿ ಅದು. ಈ ಕಡೆ ಹೆಸರಿಗಿಂತ ಸರದಿಯೇ ಚಲಾವಣೆ. ಎರಡು ಮನೆಗೂ ಒಂದೇ ಅಂಗಳ, ಒಂದೇ ಥರದ ಹೆಂಚು, ಬಾಗಿಲ ಮುಂದೆ ರಾತ್ರಿ ಬೈಕನ್ನು ಹಜಾರದೊಳಕ್ಕೆ ಹತ್ತಿಸಲು ಒಂದೇ ಥರದ ಸಿಮೆಂಟಿನ ಇಳಿಜಾರು. ಮನಸ್ಸು ಮಾತ್ರ ಹದಿನೆಂಟು ವರ್ಷದಿಂದ ಬೇರೆ ಬೇರೆ. ಚಿಕ್ಕಮ್ಮನ ಮೊಮ್ಮಗ ಒಂಬತ್ತನೇ ತಿಂಗಳಿಗೇ ನಡೆದಿದ್ದ. ಚಿಕ್ಕಮ್ಮ ಅದನ್ನು ದಿನಕ್ಕೆ ಒಂಬತ್ತು ಸಲವಾದರೂ ಅಂಗಳ ದಾಟಿಸುತ್ತಿದ್ದರು.

ಹೀಗಾಗಿ ಈ ಸಲ ಅತ್ತೆ ಎರಡು ತಿಂಗಳು ಹುಡುಕಿ, ವಿಚಾರಿಸಿ, ಜಾತಕ ನೋಡಿ, ಮೊದಲು ಹೊಸ್ತಿಲು ದಾಟುವವರನ್ನು ಗೊತ್ತುಮಾಡಿದ್ದರು. ಹೆಣ್ಣು ನೋಡುವುದಕ್ಕೂ ಅಷ್ಟು ಓಡಾಡಿರಲಿಲ್ಲ. ಥಿನ್ ಮೇಷ್ಟ್ರು! ಹೆಸರಿನ ಅರ್ಥವೇ ಸಮೃದ್ಧಿ. ಅರವತ್ತಾರು ವಯಸ್ಸು, ಅಷ್ಟೂ ಹಲ್ಲು ಸ್ವಂತದ್ದು, ಹೆಂಡತಿಯೊಡನೆ ಒಂದು ದಿನವೂ ಜಗಳವಾಡಿದ ದಾಖಲೆಯಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಇಲಿ ವರ್ಷದವರು. ಅತ್ತೆ ಮಾವ ಇಬ್ಬರೂ ಕೋತಿ ವರ್ಷ. ಕೋತಿಗೆ ಇಲಿ ಆಗಿಬರುತ್ತದೆ, ಡ್ರ್ಯಾಗನ್ ಆಗಿಬರುತ್ತದೆ. ಹುಲಿ ಮಾತ್ರ ಪರಮ ವೈರಿ.

"ಹಾಗಾದ್ರೆ ಸೀಗಡೀನೇ ಮೊದ್ಲು ಬರ್ಲಿ ಬಿಡಮ್ಮ," ಎಂದಿದ್ದ ಖಾಂಗ್. "ಅವಳು ಡ್ರ್ಯಾಗನ್ ವರ್ಷದೋಳು ತಾನೆ? ಮೇಷ್ಟ್ರಿಗೆ ಯಾಕೆ ತೊಂದ್ರೆ?"

"ಎತ್ಕೊಂಡು ಬಂದ್ರೆ ಎತ್ಕೊಂಡೋರ ಕಾಲ್ಗುಣ ಆಗುತ್ತಪ್ಪ. ತಾನೇ ನಡ್ಕೊಂಡು ಬರ್ಬೇಕು..." ಎಂದು ಅತ್ತೆ ನಿಟ್ಟುಸಿರುಬಿಟ್ಟಿದ್ದರು. ಆ ನಿಟ್ಟುಸಿರನ್ನು ಉಯೆನ್ ಎರಡು ದಿನ ಅನ್ನದ ಜೊತೆ ನುಂಗಿದ್ದಳು.

ಈಗ ಬೆಳಗಿನ ಆರೂಕಾಲಿಗೆ ಮೇಷ್ಟ್ರ ಫೋನು: ಅವರ ಗಾಡಿಯ ಟೈರು ಪಂಕ್ಚರ್. ಹಬ್ಬದ ಮೂರು ದಿನ ಊರಲ್ಲಿ ಒಂದು ಅಂಗಡಿಯೂ ತೆರೆಯುವುದಿಲ್ಲ. ಅವರ ಮನೆ ನಾಲ್ಕು ಕಿಲೋಮೀಟರ್ ಆಚೆ. ಎಂಟು ಗಂಟೆಗೆ ಮುಹೂರ್ತ. ಮಾವ ಮನೆಯ ಯಜಮಾನರು, ಬಾಗಿಲಲ್ಲಿ ನಿಂತು ಎದುರುಗೊಳ್ಳಬೇಕು. ಖಾಂಗ್ ಹಿಂದಿನ ದಿನ ಚಿಕ್ಕಪ್ಪನ ಮಕ್ಕಳ ಜೊತೆ ಬರಿಗಾಲಲ್ಲಿ ಫುಟ್‌ಬಾಲ್ ಆಡಿ, ಗೋಲಿಗೆ ಬದಲು ತೆಂಗಿನ ಮರಕ್ಕೆ ಒದ್ದು, ಬಲಗಾಲಿನ ಪಾದ ಊದಿಸಿಕೊಂಡು ಕೂತಿದ್ದ. ಅತ್ತೆಗೆ ಬೈಕು ಓಡಿಸಲು ಬರದು. ಉಳಿದವಳು ಹುಲಿ!

"ಅದು ನಿನ್ನ ಸ್ಕೂಟರ್ ಅಲ್ಲ ಕಣೇ," ಎಂದ ಖಾಂಗ್. "ಅಪ್ಪನ ಮುದುಕಪ್ಪ! ಅದಕ್ಕೆ ಗೇರಿದೆ. ಎಡಗೈಗೆ ಬ್ರೇಕಿಲ್ಲ. ಹಿಂದಿನ ಬ್ರೇಕು ಬಲಗಾಲಲ್ಲಿ."

"ಮುಂದಿನದು?"

"ಮುಂದಿನದು ದೇವರ ಮೇಲೆ ಭಾರ."

"ಸೈಗಾನಲ್ಲಿ ಆರು ವರ್ಷ ಗಾಡಿ ಓಡ್ಸಿದೀನಿ ರೀ! ಸಂಜೆ ಐದು ಗಂಟೆ ಟ್ರಾಫಿಕ್ಕಲ್ಲಿ! ಲಾರಿ ಬಸ್ಸುಗಳ ಮಧ್ಯೆ! ನಿಮ್ಮೂರ ಕಾಲುವೆ ದಾರೀಲಿ ಏನಿದೆ? ಎರಡು ಕೋಳಿ!"

"ಆ ಎರಡು ಕೋಳಿ ಬಗ್ಗೇನೇ ನಂಗೆ ಯೋಚ್ನೆ."

ಅತ್ತೆ ಬೀರುವಿನಿಂದ ಕೀ ತೆಗೆದರು. ಕೊಡಲಿಲ್ಲ. ಒಮ್ಮೆ ಕೀಯನ್ನು ನೋಡಿದರು, ಒಮ್ಮೆ ಸೊಸೆಯನ್ನು, ಒಮ್ಮೆ ಗೋಡೆಯ ಗಡಿಯಾರವನ್ನು. ಗಡಿಯಾರವೇ ಗೆದ್ದಿತು.

"ನೋಡಮ್ಮ, ಬೇಜಾರು ಮಾಡ್ಕೋಬೇಡ. ವಾಪಸ್ ಬಂದಾಗ ಮೊದ್ಲು ಒಳಗೆ ಬರೋದು ಮೇಷ್ಟ್ರು. ನೀನು ಅಂಗಳದಲ್ಲೇ ನಿಂತಿರು. ಹೊಸ್ತಿಲ ಹತ್ರಾನೂ ಸುಳೀಬೇಡ. ಹುಲಿ ನೀನು... ಗೊತ್ತಲ್ಲ?"

"ಗೊತ್ತು ಅತ್ತೆ. ಪ್ರಾಣ ಹೋದ್ರೂ ಒಳಗೆ ಬರಲ್ಲ!"

ಈ ಮಾತನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ಮುಂದಿನ ಅನಾಹುತಕ್ಕೆಲ್ಲ ಈ ಪ್ರತಿಜ್ಞೆಯೇ ಮೂಲ.

ಹೊರಡುವ ಮುಂಚೆ ಇನ್ನೊಂದು ಕದನ. ಹಜಾರದ ಗಿಡ್ಡ ಮೇಜಿನ ಮೇಲೆ ಬಂದವರಿಗೆಂದು ಸಕ್ಕರೆ ಪಾಕದ ಕೊಬ್ಬರಿಯ ತಟ್ಟೆ ಇತ್ತು. ಬಿಳಿ, ಗುಲಾಬಿ, ಹಸಿರು ಸುರುಳಿಗಳು. ಸೀಗಡಿ ಮೇಜಿನ ಕಾಲು ಹಿಡಿದು ನಿಂತು ಅದರತ್ತ ಕೈ ಚಾಚುತ್ತಿತ್ತು. ಉಯೆನ್ ಹಾರಿ ಹೋಗಿ ತಟ್ಟೆಯನ್ನು ಮೇಜಿನ ಆ ತುದಿಗೆ ಸರಿಸಿದಳು.

"ಒಂದು ಚೂರು ಕೊಡಬಾರ್ದೇನಮ್ಮ ಮಗೂಗೆ? ಹಬ್ಬ!" ಎಂದರು ಅತ್ತೆ.

"ಎರಡು ವರ್ಷ ತುಂಬೋವರೆಗೆ ಸಕ್ಕರೆ ಇಲ್ಲ ಅತ್ತೆ. ಹಲ್ಲು, ಹೊಟ್ಟೆ, ಮೆದುಳು, ಎಲ್ಲಕ್ಕೂ ಕೆಟ್ಟದ್ದು," ಎಂದು ಉಯೆನ್ ಮಗಳ ಕೈಗೆ ಬೇಯಿಸಿದ ಕ್ಯಾರೆಟ್ ಕೊಟ್ಟಳು. ಸೀಗಡಿ ಅದನ್ನು ಬೆಕ್ಕಿಗೆ ಕೊಟ್ಟಿತು. ಬೆಕ್ಕೂ ಮೂಸಿ ಬಿಟ್ಟಿತು.

ತಾಯಿ ಹೆಲ್ಮೆಟ್ ಹಾಕುವುದನ್ನು ಕಂಡ ಮಗು ಸೂರು ಹಾರುವಂತೆ ಅಳತೊಡಗಿತು. ಹೊಸ ವರ್ಷದ ದಿನ ಮನೆಯೊಳಗೆ ಅಳು ಕೇಳಬಾರದು ಎಂದು ಖಾಂಗ್ ಅದನ್ನೂ ಇನ್ನೊಂದು ಕ್ಯಾರೆಟ್ಟನ್ನೂ ಎತ್ತಿಕೊಂಡು ಕುಂಟುತ್ತ ಅಂಗಳಕ್ಕೆ ಹೋಗಿ ಚಾಪೆ ಹಾಸಿ ಕುಳಿತ.

"ಹೊರಗೆ ಹೋದೋರು ಹೊರಗೇ ಇರ್ಬೇಕು!" ಅತ್ತೆ ಒಳಗಿನಿಂದಲೇ ಕೂಗಿದರು. "ಮೇಷ್ಟ್ರು ಬರೋವರೆಗೂ ಒಬ್ರೂ ಒಳಗೆ ಕಾಲಿಡ್ಬೇಡಿ!"

ಉಯೆನ್ ಮುಖಕ್ಕೆ ಮಾಸ್ಕು, ಕೈಗೆ ಗ್ಲೌಸು, ಮಂಡಿಯವರೆಗೆ ಬಿಸಿಲು ತಡೆಯುವ ಕೋಟು ಧರಿಸಿದಳು. ಕಣ್ಣೆರಡು ಬಿಟ್ಟರೆ ಇಡೀ ಹೆಂಗಸು ಅಜ್ಞಾತವಾಸಕ್ಕೆ ಹೋದಂತಾಯಿತು. "ಕಾಲುವೆ ಕಡೆ ಮಗು ಹೋಗದ ಹಾಗೆ ನೋಡ್ಕೊಳ್ಳಿ! ಕಣ್ಣು ಮಿಟುಕಿಸ್ಬೇಡಿ!" ಎಂದು ಗಂಡನಿಗೆ ಆಜ್ಞಾಪಿಸಿ ಮುದುಕಪ್ಪನನ್ನು ಒದ್ದಳು. ಒಂದು, ಎರಡು... ಒಂಬತ್ತನೇ ಒದೆಗೆ ಮುದುಕಪ್ಪ ಕೆಮ್ಮಿ ಎದ್ದ.

ಹೋಗುವಾಗ ಏನೂ ಆಗಲಿಲ್ಲ. ಮೊದಲ ಗೇರಿನಿಂದ ಎರಡನೆಯದಕ್ಕೆ ಹಾಕಿದಾಗ ಬೈಕು ಒಮ್ಮೆ ಜಿಗಿಯಿತು. ಮೂರನೆಯದಕ್ಕೆ ಹಾಕಿದರೆ ಇನ್ನೇನಾಗುತ್ತದೋ ಎಂದು ಎರಡರಲ್ಲೇ ಬಿಟ್ಟಳು. ಮುದುಕಪ್ಪ ಊರಿಗೆಲ್ಲ ಕೇಳುವಂತೆ ಕಿರುಚುತ್ತ ನಾಲ್ಕು ಕಿಲೋಮೀಟರ್ ಹೋದ. ಎರಡು ಕೋಳಿಗಳು ದೂರದಿಂದಲೇ ಸದ್ದು ಕೇಳಿ ಮರ ಹತ್ತಿದವು.

ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೊಸ ಚರ್ಮದ ಚಪ್ಪಲಿ ಹಾಕಿ, ಕೆಂಪು ಕಾಗದ ಅಂಟಿಸಿದ ದೊಡ್ಡ ಕಲ್ಲಂಗಡಿ ಹಣ್ಣನ್ನು ತಬ್ಬಿಕೊಂಡು ಸಿದ್ಧರಾಗಿದ್ದರು. ಹತ್ತಿ ಕೂತು ಸ್ವಲ್ಪ ದೂರ ಹೋದ ಮೇಲೆ ಕೇಳಿದರು.

"ಅಮ್ಮಾ, ಇದು ಎರಡನೇ ಗೇರಲ್ಲೇ ಇದೆ ಅನ್ಸುತ್ತೆ?"

"ಹೌದು ಮೇಷ್ಟ್ರೇ. ನಂಗೆ ಪರಿಚಯ ಇರೋ ಗೇರು."

"ಸರಿ ಸರಿ. ಪರಿಚಯ ಇರೋರ ಜೊತೆ ಹೋಗೋದೇ ಒಳ್ಳೇದು."

ಮೂರು ಕಿರುಸೇತುವೆ ದಾಟುವಷ್ಟರಲ್ಲಿ ಉಯೆನ್‌ಳ ಬೆನ್ನು ನೆಟ್ಟಗಾಯಿತು. ನಾಲ್ಕನೇ ಸೇತುವೆಗೆ ತಲೆ ಎತ್ತಿದಳು. ಐದನೆಯದಕ್ಕೆ ಅತ್ತೆಯ ಮನೆಯ ವರ್ಷದ ಭಾಗ್ಯವೆಲ್ಲ ತನ್ನ ಬೆನ್ನ ಹಿಂದೆ ಕಲ್ಲಂಗಡಿ ಸಮೇತ ಕೂತಿದೆ ಎಂಬ ಹೆಮ್ಮೆ ಉಕ್ಕಿತು. ಯಾರು ಹೇಳಿದ್ದು, ಓದಿದ ಹುಡುಗಿಯರಿಗೆ ಊರಿನ ಕೆಲಸ ಬರುವುದಿಲ್ಲವೆಂದು?

"ಹೇಗಿದೆ ಮೇಷ್ಟ್ರೇ ಸವಾರಿ?"

"ಬಹಳ ಚೆನ್ನಾಗಿದೆಯಮ್ಮ. ನಾನಿನ್ನೂ ಕಣ್ಣು ಬಿಟ್ಟಿಲ್ಲ."

ಅಂಗಳ ಕಂಡಿತು. ಬಾಗಿಲಲ್ಲಿ ಮಾವ ಊದುಬತ್ತಿ ಹಿಡಿದು ನಿಂತಿದ್ದಾರೆ. ಪಕ್ಕದಲ್ಲಿ ಅತ್ತೆ, ಮಗನ ಮದುವೆಗೆ ತೊಟ್ಟ ಮೇಲೆ ಇವತ್ತೇ ತೆಗೆದ ರೇಷ್ಮೆ ಅಂಗಿಯಲ್ಲಿ. ಚಾಪೆಯ ಮೇಲೆ ಸೀಗಡಿ ಕೈ ಬೀಸುತ್ತಿದೆ. ಎಂಥ ದೃಶ್ಯ! ಉಯೆನ್ ಆರು ವರ್ಷದ ಅನುಭವವನ್ನೆಲ್ಲ ಒಟ್ಟುಗೂಡಿಸಿ ಎಡಗೈಯ ಬ್ರೇಕು ಹಿಡಿದಳು.

ಎಡಗೈಯಲ್ಲಿ ಬ್ರೇಕಿರಲಿಲ್ಲ.

ಹಿಡಿಯಲು ಬ್ರೇಕಿಲ್ಲದಿದ್ದರೆ ಮನುಷ್ಯ ಇನ್ನೂ ಗಟ್ಟಿಯಾಗಿ ಹಿಡಿಯುತ್ತಾನೆ. ಎಡಗೈ ಬಿಗಿದಾಗ ಬಲಗೈಯೂ ಬಿಗಿಯಿತು, ಬಿಗಿದ ಬಲಗೈ ತಿರುಗಿತು, ತಿರುಗಿದ್ದು ಆಕ್ಸಿಲರೇಟರ್! ತನ್ನನ್ನು ಇಷ್ಟು ಮನಸಾರೆ ಯಾರೂ ಕೇಳಿಕೊಂಡಿರಲಿಲ್ಲವೆಂಬಂತೆ ಮುದುಕಪ್ಪ ಇಪ್ಪತ್ತು ವರ್ಷ ಕಿರಿಯವನಾಗಿ ನೆಗೆದ. ಎದುರಿಗೆ ಅತ್ತೆಯ ಮನೆಯ ಇಳಿಜಾರು. ಅದರ ಮೇಲೆ ಹೊಸ್ತಿಲು. "ಹುಲಿ! ಹುಲಿ ಕಣಮ್ಮಾ ನೀನು!" ಎಂದು ಅತ್ತೆ ಕೂಗಿದ್ದು ಕೇಳಿಸಿತು.

ಆ ಅರೆಕ್ಷಣದಲ್ಲಿ ಉಯೆನ್ ತನ್ನ ಜೀವದ ಬಗ್ಗೆ ಯೋಚಿಸಲಿಲ್ಲ. ಮೇಷ್ಟ್ರ ಜೀವದ ಬಗ್ಗೆಯೂ ಯೋಚಿಸಲಿಲ್ಲ. ಪ್ರಾಣ ಹೋದರೂ ಒಳಗೆ ಬರುವುದಿಲ್ಲ ಎಂದು ಮಾತು ಕೊಟ್ಟಾಗಿತ್ತಲ್ಲ! ಹಲ್ಲು ಕಚ್ಚಿ ಹ್ಯಾಂಡಲ್ ಎಡಕ್ಕೆ ತಿರುಗಿಸಿದಳು.

ಎಡಕ್ಕಿದ್ದದ್ದು ಏಳನೇ ಚಿಕ್ಕಮ್ಮನ ಮನೆ.

ಮೊದಲು ಅವರ ನೀರಿನ ಡ್ರಮ್ಮು ಮಗುಚಿತು. ಅಲ್ಲಿ ಮೇಷ್ಟ್ರು ಕಲ್ಲಂಗಡಿಯನ್ನು ಬಿಡದೆ ಹಿಂದಿನಿಂದ ಮೃದುವಾಗಿ ಜಾರಿ ಕೆಸರಲ್ಲಿ ಕೂತರು. ಅವರ ಬಲಗಾಲಿನ ಚಪ್ಪಲಿ ಮಾತ್ರ ಕೂರಲೊಪ್ಪದೆ ಗಾಳಿಯಲ್ಲಿ ಹಾರಿತು. ಬೈಕು ಇಳಿಜಾರು ಹತ್ತಿತು, ಹೊಸ್ತಿಲು ದಾಟಿತು, ಹಜಾರ ಹೊಕ್ಕಿತು. ಹೊಸ ಬಟ್ಟೆ ಹಾಕಿ ಸಾಲಾಗಿ ಕೂತು ತಮ್ಮ ಅದೃಷ್ಟದ ಅತಿಥಿಗಾಗಿ ಕಾಯುತ್ತಿದ್ದ ಚಿಕ್ಕಮ್ಮನ ಸಂಸಾರದ ಎದುರು, ಸೋಫಾಕ್ಕೆ ಮುಂದಿನ ಚಕ್ರ ಒತ್ತಿ ನಿಂತು ಮುದುಕಪ್ಪ ಕೊನೆಯ ಬಾರಿ ಕೆಮ್ಮಿ ಆರಿದ.

ಹೆಲ್ಮೆಟ್ಟು, ಮಾಸ್ಕು, ಬಿಸಿಲು ಕೋಟಿನೊಳಗಿನಿಂದ ಎರಡು ಕಣ್ಣು ಪಿಳಿಪಿಳಿ ಎಂದವು. ಹೊಸ ವರ್ಷದ ದಿನ ಒಬ್ಬರ ಮನೆಗೆ ಹೋದರೆ ಏನು ಹೇಳಬೇಕೆಂದು ಉಯೆನ್‌ಗೆ ಚಿಕ್ಕಂದಿನಿಂದ ಕಲಿಸಿದ್ದರು. ಬೈಕಿನ ಮೇಲೆ ಕೂತೇ ಅದನ್ನು ಹೇಳಿದಳು.

"ಹೊಸ ವರ್ಷದ ಶುಭಾಶಯ ಚಿಕ್ಕಮ್ಮ. ನೂರು ವರ್ಷ ಆರೋಗ್ಯವಾಗಿ ಬಾಳಿ."

ಏಳನೇ ಚಿಕ್ಕಮ್ಮ ಎದ್ದು ನಿಂತರು. ಬೈಯುತ್ತಾರೆ ಎಂದು ಉಯೆನ್ ಕಣ್ಣು ಮುಚ್ಚಿದಳು.

"ನೀನು ಹುಟ್ಟಿದ್ದು ಯಾವ ವರ್ಷ?"

"ಹು... ಹುಲಿ."

"ಹುಲಿ!" ಚಿಕ್ಕಮ್ಮ ತೊಡೆ ತಟ್ಟಿದರು. "ಹುಲಿ ಕಣ್ರೋ! ನಂದು ನಾಯಿ ವರ್ಷ, ಇವತ್ತು ಹುಟ್ಟಿದ್ದು ಕುದುರೆ ವರ್ಷ. ಹುಲಿ, ಕುದುರೆ, ನಾಯಿ, ಮೂರೂ ಒಂದೇ ಮನೆ ಮಕ್ಕಳಿದ್ದ ಹಾಗೆ! ಕುದುರೆ ವರ್ಷದಲ್ಲಿ ಹುಲಿ ಸವಾರಿ ಮಾಡ್ಕೊಂಡು ನಾಯಿ ಮನೆಗೆ ಬಂತಲ್ಲೋ! ಇಂಥ ಯೋಗ ದುಡ್ಡು ಕೊಟ್ರೂ ಸಿಗಲ್ಲ! ಏ, ಅವಳಿಗೆ ಟೀ ತನ್ರೋ. ಇಳೀಬೇಡಮ್ಮ ನೀನು, ಅಲ್ಲೇ ಕೂತಿರು!"

ಅಷ್ಟರಲ್ಲಿ ಅತ್ತೆ, ಊದುಬತ್ತಿ ಸಮೇತ ಮಾವ, ಕುಂಟುತ್ತ ಖಾಂಗ್, ಮೂವರೂ ಚಿಕ್ಕಮ್ಮನ ಬಾಗಿಲಿಗೆ ಓಡಿ ಬಂದಿದ್ದರು. ಸೊಸೆಗೆ ಏನೂ ಆಗಿಲ್ಲವೆಂದು ಒಮ್ಮೆ ನೋಡಿ, ಮೇಷ್ಟ್ರಿಗೂ ಏನೂ ಆಗಿಲ್ಲವೆಂದು ನೋಡಿ, ಅತ್ತೆಯ ಕಣ್ಣು ಹಜಾರದ ನಡುವೆ ಬಿದ್ದಿದ್ದ ಒಂದು ವಸ್ತುವಿನ ಮೇಲೆ ನಿಂತಿತು. ಹೊಸ ಚರ್ಮದ ಚಪ್ಪಲಿ. ಬಲಗಾಲಿನದು.

ಚಿಕ್ಕಮ್ಮನೂ ಅದೇ ಗಳಿಗೆ ಅದನ್ನು ಕಂಡರು. ಇಬ್ಬರ ಮುಖದಲ್ಲೂ ಒಂದೇ ಸಲ ನಗು ಅರಳಿತು. ಅರಳಲೇಬೇಕಿತ್ತು! ಮೊದಲ ದಿನ ಕೆಟ್ಟ ಮಾತು ಆಡಿದರೆ ವರ್ಷವಿಡೀ ಅದೇ ಬಾಯಿಗೆ ಬರುತ್ತದೆ ಎಂದು ಇಬ್ಬರೂ ನಂಬಿದವರು. ಹದಿನೆಂಟು ವರ್ಷದಲ್ಲಿ ಅವರಿಬ್ಬರು ಆಡಿದ ಅತಿ ಘೋರ ಜಗಳ ಪೂರ್ತಿ ಆಶೀರ್ವಾದಗಳಲ್ಲೇ ನಡೆಯಿತು.

"ನಿನ್ನ ಹೊಟ್ಟೆ ತಣ್ಣಗಿರ್ಲಿ ತಂಗೀ. ಆ ಚಪ್ಪಲಿ ಇತ್ತ ಕೊಡ್ತೀಯಾ?"

"ನಿಮ್ಮ ಮನೆ ತುಂಬಿ ತುಳುಕ್ಲಿ ಅಕ್ಕಾ. ಅದು ಹುಲಿಗಿಂತ ಮೊದ್ಲೇ ನಮ್ಮನೆ ಒಳಗೆ ಬಂದಿದೆ. ಇಲಿ ವರ್ಷದ ಮೇಷ್ಟ್ರ ಚಪ್ಪಲಿ. ಹೇಗೆ ಕೊಡ್ಲಿ?"

"ನಿನ್ನ ಮೊಮ್ಮಗ ಮಂತ್ರಿ ಆಗ್ಲಿ! ಕಾಲಿಲ್ದೆ ಬಂದ ಚಪ್ಪಲಿ ಲೆಕ್ಕಕ್ಕಿಲ್ಲಮ್ಮ. ಚಪ್ಪಲಿಗೆ ಹುಟ್ಟಿದ ವರ್ಷ ಇರುತ್ತಾ?"

"ನಿಮ್ಮ ಬಾತುಕೋಳಿ ಸಾವಿರ ಆಗ್ಲಿ ಅಕ್ಕಾ! ಲೆಕ್ಕಕ್ಕಿಲ್ದಿದ್ರೆ ಇಲ್ಲೇ ಇರ್ಲಿ ಬಿಡಿ. ನಿಮ್ಗೆ ಯಾಕೆ ಬೇಕು?"

"ಮೇಷ್ಟ್ರು ಒಂಟಿ ಚಪ್ಪಲೀಲಿ ನಮ್ಮನೆಗೆ ಬರ್ಬೇಕೇನೇ, ಚಿನ್ನಾ?"

"ಮಿಕ್ಕ ಅರ್ಧ ಕಾಲ್ಗುಣ ನಿಮ್ಗೇ ಇಟ್ಕೊಳ್ಳಿ, ದೇವ್ರಂಥೋರು ನೀವು!"

ನಗು ಅಗಲವಾಗುತ್ತ ಹೋದಂತೆ ಹಲ್ಲು ಕಡಿಯುವ ಸದ್ದು ಸ್ಪಷ್ಟವಾಯಿತು. ಮಾವ ಮೇಷ್ಟ್ರ ಅಭಿಪ್ರಾಯ ಕೇಳಿದರು. ಕೆಸರಲ್ಲಿ ಕೂತಿದ್ದ ಮೇಷ್ಟ್ರು, ಮೂವತ್ತೆಂಟು ವರ್ಷ ಪಾಠ ಮಾಡಿದರೂ ಇಂಥ ಪ್ರಶ್ನೆ ಯಾವ ಪರೀಕ್ಷೆಯಲ್ಲೂ ಬಂದಿರಲಿಲ್ಲ ಎಂದರು.

"ಹೋಗ್ಲಿ ಬಿಡು ತಂಗೀ," ಕೊನೆಗೆ ಅತ್ತೆ ಇನ್ನೊಂದು ಬಾಣ ತೆಗೆದರು. "ನಿನ್ನ ಡ್ರಮ್ಮಿನ ನೀರೆಲ್ಲ ನೋಡು, ನಮ್ಮ ಅಂಗಳಕ್ಕೇ ಹರಿದು ಬಂತು. ನೀರು ಅಂದ್ರೆ ಐಶ್ವರ್ಯ ಅಲ್ವಾ?" ಎಂದು ಗೆಲುವಿನಿಂದ ತಮ್ಮ ಮನೆಯತ್ತ ತಿರುಗಿದವರು ಹಾಗೇ ನಿಂತುಬಿಟ್ಟರು. "ಅಯ್ಯೋ! ನಾವೆಲ್ಲ ಹೊರಗೇ ಇದೀವಿ! ಒಳಗೆ ಯಾರಿದಾರೆ?"

ಯಾರೂ ಇರಲಿಲ್ಲ. ಬಾಗಿಲು ಹಾರು ಹೊಡೆದಿತ್ತು. ಹಬ್ಬದ ಮನೆ ಬಣಬಣ.

ಉಯೆನ್ ನೋಡಿದ್ದು ಬಾಗಿಲನ್ನಲ್ಲ. ಚಾಪೆಯನ್ನು. ಚಾಪೆಯ ಮೇಲೆ ಕ್ಯಾರೆಟ್ ಮಾತ್ರ ಇತ್ತು.

"ಸೀಗಡಿ?"

"ಇಲ್ಲೇ ಇದ್ಲು..." ಎಂದ ಖಾಂಗ್. ಅವನ ಮುಖ ಸುಣ್ಣದಂತಾಯಿತು. "ನೀನು ಬಿದ್ದೆ ಅಂತ ಓಡಿ ಬಂದೆ... ಒಂದೇ ನಿಮಿಷ..."

ಉಯೆನ್ ಬೈಕಿನಿಂದ ಹೇಗಿಳಿದಳೋ, ಇಳಿಜಾರು ಹೇಗೆ ದಾಟಿದಳೋ ಅವಳಿಗೇ ಗೊತ್ತಿಲ್ಲ. ನೇರ ಕಾಲುವೆಯ ದಡಕ್ಕೆ ಓಡಿದಳು. ಹೆಲ್ಮೆಟ್ಟಿನೊಳಗೆ ತನ್ನ ಉಸಿರೇ ತನಗೆ ಬಿರುಗಾಳಿಯಂತೆ ಕೇಳುತ್ತಿತ್ತು. ನೀರು ಕಂದು ಬಣ್ಣದ್ದು, ಏನೂ ಕಾಣದು. ನೀರಿನ ಕಳೆಗಳ ಒಂದು ಗುಂಪು ನಿಧಾನವಾಗಿ ತೇಲಿ ಹೋಯಿತು. ಮೂರು ಥರ್ಮಾಮೀಟರ್, ಎರಡು ಸಲ ಕುದಿಸಿದ ನೀರು, ಬೇಯಿಸಿದ ಕ್ಯಾರೆಟ್, ಅಷ್ಟೆಲ್ಲ ಕಾವಲು ಕಾದು ಕೊನೆಗೆ ಒಂದು ಬೈಕಿಗಾಗಿ ಮಗುವನ್ನು ಬಿಟ್ಟುಹೋದೆನೇ! "ಸೀಗಡೀ!" ಎಂದು ಕೂಗಿದಳು. ಆಮೇಲೆ, ಯಾವ ದೃಷ್ಟಿ ತಾಗಿದರೆ ತಾಗಲಿ ಎಂದು ಮಗಳ ಉದ್ದನೆಯ ಚಂದದ ಹೆಸರನ್ನೂ ಕೂಗಿದಳು.

"ಅಮ್ಮಾ, ಈ ಕಡೆ ಬಾ," ಎಂದು ಯಾರೋ ಮೆಲ್ಲಗೆ ಕರೆದರು.

ಮೇಷ್ಟ್ರು. ಕೆಸರಿನ ಮಟ್ಟದಲ್ಲೇ ಕೂತಿದ್ದರಿಂದ ಬೇರೆಯವರಿಗೆ ಕಾಣದ್ದು ಅವರಿಗೆ ಕಂಡಿತ್ತು. ಡ್ರಮ್ಮಿನ ನೀರು ಹರಿದು ಅಂಗಳದ ಮಣ್ಣು ಒದ್ದೆಯಾಗಿತ್ತು. ಆ ಒದ್ದೆಯಿಂದ ಹೊರಟು, ಅತ್ತೆಯ ಮನೆಯ ಒಣ ಸಿಮೆಂಟಿನ ಇಳಿಜಾರಿನ ಮೇಲೆ, ಒಂದರ ಮುಂದೊಂದು ಪುಟ್ಟ ಗುರುತುಗಳು.

ಉಯೆನ್ ಮಂಡಿಯೂರಿ ಕೂತು ನೋಡಿದಳು. ಮಂಡಿಯ ಗುರುತಲ್ಲ. ಅಂಗೈಯ ಗುರುತಲ್ಲ. ಹಿಮ್ಮಡಿ, ಐದು ಬೆರಳು. ಹಿಮ್ಮಡಿ, ಐದು ಬೆರಳು. ನಾಲ್ಕು ಹೆಜ್ಜೆಯಾದ ಮೇಲೆ ಒಂದು ದುಂಡನೆಯ ದೊಡ್ಡ ಗುರುತು: ಧೊಪ್ಪನೆ ಕೂತದ್ದು. ಆಮೇಲೆ ಮತ್ತೆ ಎದ್ದು ಐದನೇ ಹೆಜ್ಜೆ. ಆರು. ಏಳು. ಏಳನೆಯದು ಹೊಸ್ತಿಲಿನ ಒಳಗಿತ್ತು.

ಒಳಗೆ ನುಗ್ಗಲು ಹೊರಟವಳ ತೋಳನ್ನು ಅತ್ತೆ ಗಪ್ಪನೆ ಹಿಡಿದರು. "ತಡಿ! ಹುಲಿ ನೀನು!" ಎಂದವರು ಹೆಜ್ಜೆಗಳನ್ನು ನೋಡಿದರು. ಇನ್ನೊಮ್ಮೆ ನೋಡಿದರು. ಹಿಡಿದ ಕೈ ತಾನಾಗಿ ಸಡಿಲವಾಯಿತು. "ಹೋಗಮ್ಮ. ಬರಬೇಕಾದೋರು ಆಗ್ಲೇ ಬಂದಾಗಿದೆ."

ಗಿಡ್ಡ ಮೇಜಿನ ಆ ತುದಿಯಲ್ಲಿ ಸೀಗಡಿ ಯಾವ ಆಸರೆಯೂ ಇಲ್ಲದೆ ನಿಂತಿತ್ತು. ಆಸರೆ ಹಿಡಿಯಲು ಅದಕ್ಕೆ ಕೈ ಬಿಡುವಿರಲಿಲ್ಲ. ಬಲಗೈಯಲ್ಲಿ ಗುಲಾಬಿ ಕೊಬ್ಬರಿ, ಎಡಗೈಯಲ್ಲಿ ಹಸಿರು ಕೊಬ್ಬರಿ, ಎರಡು ಕೆನ್ನೆಯಲ್ಲಿ ಬಿಳಿಯದು. ತಾಯಿಯನ್ನು ಕಂಡೊಡನೆ, ಕಸಿದುಕೊಳ್ಳಲು ಬಂದಳೆಂದು ತಿಳಿದು ಗಬಗಬ ಅಗಿಯತೊಡಗಿತು.

ಉಯೆನ್ ಹೆಲ್ಮೆಟ್ಟಿನ ಸಮೇತ ಮಗಳನ್ನು ಅಪ್ಪಿಕೊಂಡು ಹೋ ಎಂದು ಅತ್ತಳು. ಹೊಸ ವರ್ಷದ ದಿನ ಮನೆಯೊಳಗೆ ಅಳಬಾರದೆಂದು ಈ ಸಲ ಯಾರೂ ಹೇಳಲಿಲ್ಲ. ಹೇಳಬೇಕಾದ ಅತ್ತೆಯೇ ರೇಷ್ಮೆ ತೋಳಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು.

"ಡ್ರ್ಯಾಗನ್ ಕಣ್ರೀ!" ಅತ್ತೆಗೆ ದನಿ ವಾಪಸು ಬಂದಾಗ ಅದು ಅಂಗಳ ದಾಟುವಷ್ಟು ಗಟ್ಟಿಯಾಗಿತ್ತು. "ಕೋತಿ ಮನೆಗೆ ಡ್ರ್ಯಾಗನ್! ತಾನಾಗೇ! ತನ್ನ ಕಾಲಲ್ಲೇ! ಅದೂ ಹುಟ್ಟಿದ ಮೇಲೆ ಇಟ್ಟ ಮೊಟ್ಟಮೊದಲ ಹೆಜ್ಜೆ! ಒಂಬತ್ತು ತಿಂಗಳಿಗೆ ಯಾವ್ಯಾವುದೋ ದಿನ ನಡೆಯೋದ್ರಲ್ಲಿ ಏನಿದೆ ದೊಡ್ಡಸ್ತಿಕೆ? ನಮ್ಮವಳು ಮುಹೂರ್ತ ನೋಡ್ಕೊಂಡು ನಡೆದ್ಲು!"

ಏಳನೇ ಚಿಕ್ಕಮ್ಮ ಬಾಗಿಲಲ್ಲಿ ಬಂದು ನಿಂತಿದ್ದರು. ಹೆಜ್ಜೆಗಳನ್ನು ನೋಡಿದರು, ಮಗುವನ್ನು ನೋಡಿದರು, ಮೇಷ್ಟ್ರ ಚಪ್ಪಲಿಯನ್ನು ಹೊಸ್ತಿಲ ಹೊರಗೆ ಇಟ್ಟರು. ಹೋಗುವಾಗ ಮಾತ್ರ, "ಹುಲಿ ನಮ್ಮದೇ! ಮುಂದಿನ ವರ್ಷಕ್ಕೂ ಈಗ್ಲೇ ಹೇಳಿಟ್ಟಿದೀನಿ. ಬೈಕಲ್ಲೇ ಬರ್ಬೇಕಮ್ಮಾ, ನಡ್ಕೊಂಡು ಬಂದ್ರೆ ನಾನು ಬಾಗ್ಲು ತೆಗೆಯಲ್ಲ!" ಎಂದರು.

ಕಣ್ಣೊರೆಸಿಕೊಂಡ ಮೇಲೆ ಉಯೆನ್‌ಗೆ ಎರಡು ವಿಷಯ ಹೊಳೆದವು. ಒಂದು, ನೆಲದ ಮೇಲೆ ಕಾಲುವೆ ಪಕ್ಕದ ಕೆಸರು, ಅದರಲ್ಲಿ ಎಷ್ಟು ಕೋಟಿ ಕ್ರಿಮಿಗಳೋ! ಬ್ಯಾಗಿನಿಂದ ಒದ್ದೆ ಟಿಶ್ಯೂ ತೆಗೆದು ಹೊಸ್ತಿಲ ಹತ್ತಿರ ಬಗ್ಗಿದಳು.

"ಮುಟ್ಟಿದ್ರೆ ನೋಡು!" ಅತ್ತೆ ಗುಡುಗಿದರು. "ಹಬ್ಬದ ಮೂರು ದಿನ ಕಸ ಗುಡಿಸೋ ಹಾಗಿಲ್ಲ, ನೆಲ ಒರೆಸೋ ಹಾಗಿಲ್ಲ. ಮೂರು ದಿನ ಎಲ್ರೂ ಈ ಹೆಜ್ಜೆ ಪಕ್ಕದಲ್ಲಿ ದಾಟಿಕೊಂಡು ಓಡಾಡಿ. ಮೇಷ್ಟ್ರೇ, ಒಳಗೆ ಬನ್ನಿ, ಪಕ್ಕದಲ್ಲಿ, ಪಕ್ಕದಲ್ಲಿ!"

ಎರಡನೆಯದು ಇನ್ನೂ ಘೋರ. ಉಯೆನ್ ನಿಧಾನವಾಗಿ ಜೇಬಿಗೆ ಕೈ ಹಾಕಿದಳು. ಫೋನು ಅಲ್ಲೇ ಇತ್ತು. ಚಾರ್ಜು ನೂರಕ್ಕೆ ನೂರು. ಜಾಗ ಧಾರಾಳ. ನಾಲ್ಕು ತಿಂಗಳು ಕಾದ ಮೊದಲ ಹೆಜ್ಜೆಯನ್ನು ಲೋಕದಲ್ಲಿ ನೋಡಿದವರು ಯಾರಾದರೂ ಇದ್ದರೆ ಅದು ಬೆಕ್ಕು.

"ಇನ್ನೊಂದ್ಸಲ ನಡೀತಾಳೆ ಬಿಡೇ," ಎಂದ ಖಾಂಗ್.

"ಹೇಗೆ ನಡೀತಾಳೆ?"

"ಹೇಗೇನು? ಕೊಬ್ರಿ ತೋರ್ಸಿದ್ರೆ ಆಯ್ತು," ಎಂದರು ಅತ್ತೆ. "ನಂಗೇನೋ ಮೊದ್ಲೇ ಅನುಮಾನ ಇತ್ತು. ಕ್ಯಾರೆಟ್ಟಿಗೋಸ್ಕರ ಯಾರಮ್ಮ ಕಾಲು ನೋಯಿಸ್ಕೊಂಡು ಎದ್ದು ನಡೀತಾರೆ? ನಾನಂತೂ ನಡೀತಿರ್ಲಿಲ್ಲ. ನೀನು ಒಂದೇ ಒಂದು ಚೂರು ಮುಂಚೇನೇ ಕೊಟ್ಟಿದ್ರೆ ಒಂಬತ್ತಲ್ಲ, ಎಂಟನೇ ತಿಂಗಳಿಗೇ ಓಡ್ತಿದ್ಲು."

ಹಲ್ಲು, ಹೊಟ್ಟೆ, ಮೆದುಳು ಎಂದು ಹೇಳಲು ಉಯೆನ್ ಬಾಯಿ ತೆರೆದಳು. ಮುಚ್ಚಿದಳು. ಮಗಳನ್ನು ಬಾಗಿಲ ಹತ್ತಿರ ನಿಲ್ಲಿಸಿ, ತಾನು ಮೇಜಿನ ಬಳಿ ಕೂತು, ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದು ಕೈಯಲ್ಲಿ, ಎಲ್ಲ ಶಿಶುತಜ್ಞರ ಕ್ಷಮೆ ಕೋರಿ, ದೊಡ್ಡದೊಂದು ಗುಲಾಬಿ ಕೊಬ್ಬರಿಯನ್ನು ಎತ್ತಿ ಹಿಡಿದಳು.

"ಬಾ ಚಿನ್ನಾ, ಬಾ! ಅಮ್ಮನ ಹತ್ರ ನಡ್ಕೊಂಡು ಬಾ!"

ಸೀಗಡಿ ತಾಯಿಯನ್ನು ನೋಡಿತು, ಫೋನನ್ನು ನೋಡಿತು, ಕೊಬ್ಬರಿಯನ್ನು ನೋಡಿತು. ಒಂದು ಸಣ್ಣ ತೇಗು ತೇಗಿತು. ಧೊಪ್ಪನೆ ಕುಳಿತುಬಿಟ್ಟಿತು.

ಅತ್ತೆ ಸ್ವಲ್ಪ ಹೊತ್ತು ಮೊಮ್ಮಗಳನ್ನೂ ಸೊಸೆಯನ್ನೂ ಒಬ್ಬರಾದ ಮೇಲೊಬ್ಬರಂತೆ ನೋಡಿದರು. ಆಮೇಲೆ ಎದ್ದು ಚಿಕ್ಕಮ್ಮನ ಮನೆಗೆ ಹೋದರು. ಸೋಫಾಕ್ಕೆ ಒರಗಿ ನಿಂತಿದ್ದ ಮುದುಕಪ್ಪನಿಂದ ಕೀ ಕಿತ್ತು ತಂದರು. ಬೆಳಗ್ಗೆ ಕೊಡಲು ಅಷ್ಟು ಹಿಂದೆಮುಂದೆ ನೋಡಿದವರು, ಈಗ ಒಂದು ಮಾತೂ ಆಡಿಸಿಕೊಳ್ಳದೆ ಅದನ್ನು ಸೊಸೆಯ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದರು.

"ಹೋಗಮ್ಮ, ಇನ್ನೊಂದು ಸುತ್ತು ಹೋಗಿ ಗುದ್ದಿ ಬಾ. ನೀನು ಎದುರಿಗೆ ಕಾವಲು ಕೂತಿದ್ರೆ ಈ ಮಗು ನಡೆಯಲ್ಲ."